ಕೈಪಿಡಿ ಬರೆಯುವ ನನ್ನ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರರಿದ್ದರು, ಕಂದಾಯ ಇಲಾಖೆಯ ಅಧಿಕಾರಿಗಳಿದ್ದರು, ಸೈನ್ಯದಲ್ಲಿ ಸೇವೆ ಮಾಡಿ ಬಂದವರಿದ್ದರು. ಅವರ ಕೆಲಸ ಏನೆಂದು ಯಾರೂ ಕೇಳಬೇಕಾಗಿಲ್ಲ. ನಿರೂಪಣೆ ಮಾಡುತ್ತಿರುವ ಸರ್ ನನ್ನನ್ನು 'ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್' ಎಂದು ಪರಿಚಯಿಸಿದಾಗ ಮಾತ್ರ, ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಕಾಕಾ ಪಕ್ಕದವರನ್ನು ಕೇಳಿದ್ದು ನನಗೆ ಇಲ್ಲಿಯವರೆಗೂ ಕೇಳಿಸಿತು: "ಕತಿ ಬರೀತಾಳೇನು?"

ಇಲ್ಲ ಕಾಕಾ, ಕತೆ ಬರೆಯುವ ಶಕ್ತಿ ನನಗಿಲ್ಲ. ಒಂದು ಯಂತ್ರವೋ ಸಾಫ್ಟ್‌ವೇರೋ ತಯಾರಾದ ಮೇಲೆ ಅದನ್ನು ಹೇಗೆ ಜೋಡಿಸಬೇಕು, ಹೇಗೆ ನಡೆಸಬೇಕು, ನಡುವೆ ನಿಂತರೆ ಏನು ಮಾಡಬೇಕು, ಯಾವುದಕ್ಕೆ ಕೈ ಹಚ್ಚಬಾರದು ಎಂಬುದನ್ನು ಯಾರಾದರೂ ಬರೆಯಬೇಕಲ್ಲ, ಅದನ್ನು ಬರೆಯುವವಳು ನಾನು. ಮಿಕ್ಸರ್ ತಂದಾಗ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದ ಇರುತ್ತದೆ. ನಾವು ಅದನ್ನು ಓದದೆ ಕಪಾಟಿನಲ್ಲಿ ಬಟ್ಟೆಯ ಕೆಳಗೆ ಹಾಸುತ್ತೇವೆ. ಅಂಥ ಕಾಗದ ಬರೆದು ಇಪ್ಪತ್ತು ವರ್ಷದಿಂದ ಸಂಸಾರ ನಡೆಸಿದ್ದೇನೆ.

ಈ ಕೆಲಸವನ್ನು ನಾನು ಕಲಿತದ್ದು ಬೆಂಗಳೂರಿನಲ್ಲಿ ಎಂದು ಬಹಳ ದಿನ ನಾನೇ ಅಂದುಕೊಂಡಿದ್ದೆ. ಮೊದಲ ಪಾಠ ಆಗಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ನಾನು ಎಂಟನೆಯ ತರಗತಿಗೆ ಬಂದ ವರ್ಷ ಮುತ್ಯಾ ನನ್ನನ್ನು ಪಹಣಿ ಓದಲು ಕೂಡಿಸಿಕೊಂಡ. ಮುತ್ಯಾನಿಗೆ ಓದು ಬರಹ ಇರಲಿಲ್ಲ. ನಿಜಾಮರ ಕಾಲದ ಹೊಲದ ಕಾಗದಗಳು ಉರ್ದುವಿನಲ್ಲಿದ್ದವು. ಅವನ್ನು ಓದಿಸಬೇಕಾದರೆ ಆಳಂದಕ್ಕೆ ಹೋಗಿ ಕಚೇರಿಯ ಮುಂದಿನ ಅರ್ಜಿ ಬರೆಯುವವರ ಹತ್ತಿರ ಕಾಯಬೇಕು. 1956ರಲ್ಲಿ ರಾಜ್ಯ ಒಂದಾಗಿ ಕಚೇರಿಗೆ ಕನ್ನಡ ಬಂತು. ಆದರೂ ಮುತ್ಯಾನಿಗೆ ಆ ಕಾಗದ ಮೊದಲಿನಷ್ಟೇ ದೂರ. ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿಗೆ. ನಾನು ಓದಿದ್ದು ಅದಕ್ಕಿಂತ ಹಿಂದಿನ ಕೈಬರಹದ್ದು. 9ನೆಯ ಕಾಲಮಿನಲ್ಲಿ ಹೊಲ ಯಾರ ಹೆಸರಿಗಿದೆ, 11ರಲ್ಲಿ ಅದರ ಮೇಲೆ ಯಾರ ಹಕ್ಕು, ಯಾರ ಸಾಲ, 12ರಲ್ಲಿ ಯಾವ ಬೆಳೆ. ನಾನು ಹುಮ್ಮಸ್ಸಿನಿಂದ ಮೇಲಿನಿಂದ ಒಂದೊಂದೇ ಅಕ್ಷರ ಓದತೊಡಗಿದೆ. ಮುತ್ಯಾ ಕೈ ಎತ್ತಿ ನಿಲ್ಲಿಸಿ ಅಂದ: "ಓದಬ್ಯಾಡ ಬೇ, ಹೇಳು. ಸೊಸೈಟಿ ಸಾಲ ಹೋಗ್ಯಾದೋ ಇಲ್ಲೋ ಅಷ್ಟು ಹೇಳು."

ಅವನಿಗೆ ಮರುದಿನ ಬ್ಯಾಂಕಿಗೆ ಹೋಗಬೇಕಿತ್ತು. ಅವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇಡೀ ಪಹಣಿ ಅವನಿಗೆ ಬೇಕಿರಲಿಲ್ಲ. ಕೈಪಿಡಿ ತೆರೆಯುವವರೆಲ್ಲ ಹೀಗೇ ಬರುತ್ತಾರೆ. ಯಾರೂ ಜ್ಞಾನ ಹೆಚ್ಚಿಸಿಕೊಳ್ಳಲು ಮಿಕ್ಸರಿನ ಕಾಗದ ಬಿಡಿಸುವುದಿಲ್ಲ. ಏನೋ ಕೆಟ್ಟಿದೆ, ಏನೋ ನಿಂತಿದೆ, ಅಡುಗೆ ಮನೆಯಲ್ಲಿ ಯಾರೋ ಕೂಗುತ್ತಿದ್ದಾರೆ, ಆಗ ಬಿಡಿಸುತ್ತಾರೆ.

ಹೊಲ, ಪಾಲು ಎಂದಾಗ ನಮ್ಮ ಜಿಲ್ಲೆಯ ಮರತೂರು ನೆನಪಾಗುತ್ತದೆ. ಆ ಊರಿನೊಂದಿಗೆ ವಿಜ್ಞಾನೇಶ್ವರನ ಹೆಸರು ಕೂಡಿಕೊಂಡಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಯ ಶ್ಲೋಕಗಳು ಚಿಕ್ಕವು, ಬಿಗಿಯಾದವು. ಆಸ್ತಿ ಹಂಚುವವನಿಗೆ ಅಷ್ಟರಿಂದ ಕೆಲಸ ನಡೆಯದು. ಅದಕ್ಕೆ ಆತ ಸಂಸ್ಕೃತ ಗದ್ಯದಲ್ಲಿ ವಿವರಣೆ ಬರೆದ. ಅದರ ಹೆಸರು ಮಿತಾಕ್ಷರ, ಅಂದರೆ ಅಳೆದು ಹಾಕಿದ ಅಕ್ಷರ. ಸುಮಾರು ಒಂಬೈನೂರು ವರ್ಷದ ಮೇಲೂ ನ್ಯಾಯಾಲಯಗಳು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ಮಾತು ಬಂದಾಗ ಆ ಪುಸ್ತಕದ ಹೆಸರು ಹೇಳುತ್ತವೆ. (ಹೆಣ್ಣುಮಕ್ಕಳಿಗೆ ಆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬರಲು 2005ರ ತಿದ್ದುಪಡಿಯೇ ಆಗಬೇಕಾಯಿತು, ಅದನ್ನೂ ಇಲ್ಲಿ ಕೂತ ಅಣ್ಣಂದಿರಿಗೆ ನೆನಪು ಮಾಡುತ್ತೇನೆ.) ವಿಜ್ಞಾನೇಶ್ವರನನ್ನು ಟೆಕ್ನಿಕಲ್ ರೈಟರ್ ಎಂದರೆ ಪಂಡಿತರು ಬೈದಾರು. ಆದರೂ ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ. ಕನ್ನಡದಲ್ಲಿ ಹುಡುಕಿದರೆ 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರ ಇದೆ: ಬಾವಿಗೆ ನೀರು ಎಲ್ಲಿ ಸಿಗುತ್ತದೆ ಎಂಬುದರಿಂದ ಹಿಡಿದು ಅಡುಗೆ, ಔಷಧದವರೆಗೆ ದಿನಬಳಕೆಯ ವಿದ್ಯೆಗಳನ್ನು ಬರೆದಿಟ್ಟ ಗ್ರಂಥ. ಈ ಕಸುಬು ಅಮೆರಿಕದಿಂದ ಬಂದದ್ದು ಎಂದು ಯಾರಾದರೂ ಅಂದರೆ ಇವೆರಡು ಹೆಸರು ಹೇಳಿರಿ. ಕಂಪ್ಯೂಟರಿಗೆ ಕೈಪಿಡಿ ಬರೆಯುವುದು ಶುರುವಾದದ್ದು ಅಲ್ಲಿಯೇ, ಅದು ನಿಜ. 1949ರಲ್ಲಿ ಬೈನಾಕ್ ಎಂಬ ಯಂತ್ರಕ್ಕೆ ಜೋಸೆಫ್ ಚಾಪ್ಲಿನ್ ಎಂಬವರು ಬರೆದದ್ದನ್ನು ಮೊದಲನೆಯದು ಎನ್ನುತ್ತಾರೆ.

ನಾನು ಇದಕ್ಕೆ ಬಂದ ಬಗೆ ಚಿಕ್ಕದು. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಔಷಧ ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿಯೊಂದರಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತು. ತಿಂಗಳ ಕೊನೆಗೆ ಎಲ್ಲ ಅಂಗಡಿಯವರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಹಿಂದಿರುಗಿಸಿದ ಮಾಲನ್ನು ಲೆಕ್ಕದಲ್ಲಿ ಹೇಗೆ ತೋರಿಸುವುದು? ಹೇಳಿ ಹೇಳಿ ಗಂಟಲು ಒಣಗಿ, ಒಂದು ಪುಟ ಬರೆದು ಫ್ಯಾಕ್ಸ್ ಮಾಡತೊಡಗಿದೆ. ಮುಂದಿನ ತಿಂಗಳು ಫೋನ್ ಕಡಿಮೆಯಾದವು. ಇದಕ್ಕೊಂದು ಹುದ್ದೆಯೇ ಇದೆ, ಅದಕ್ಕೆ ಸಂಬಳವೂ ಇದೆ ಎಂದು ತಿಳಿದದ್ದು ಪತ್ರಿಕೆಯ ಉದ್ಯೋಗ ಪುಟದಿಂದ.

ಸಂದರ್ಶನದಲ್ಲಿ ಕಾಗದ ಕೊಟ್ಟು, "ಚಹಾ ಮಾಡುವುದು ಹೇಗೆ, ಬರೆಯಿರಿ" ಅಂದರು. ಇದು ಈಗಲೂ ಕೇಳುವ ಪರೀಕ್ಷೆ. ನಾನು ಪೆನ್ನು ತೆಗೆಯುವ ಮೊದಲು "ಯಾರಿಗೆ ಸರ್?" ಎಂದು ಕೇಳಿದೆ. ಒಲೆ ಹಚ್ಚಲು ಬರುವವರಿಗೋ, ಬಾರದವರಿಗೋ? ಎಷ್ಟು ಮಂದಿಗೆ? ಹಾಲು ಮನೆಯದೋ, ಪಾಕೀಟಿನದೋ? ಉಳಿದದ್ದು ಅವರು ಓದಿದರೋ ಇಲ್ಲವೋ, ಕೆಲಸ ಸಿಕ್ಕಿತು. ಮುತ್ಯಾನ ಪುಣ್ಯ.

ಒಳಗೆ ಹೋದ ಮೇಲೆ ಕಲಿತದ್ದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಬೇಕು. 'ಹಳದಿ ವೈರ್ ಬಿಚ್ಚಿರಿ. ಬಿಚ್ಚುವ ಮೊದಲು ಕರೆಂಟು ತೆಗೆದಿರಬೇಕು' ಎಂದು ಬರೆದರೆ ವ್ಯಾಕರಣ ಸರಿ, ಅರ್ಥ ಸರಿ, ಓದಿದವನ ಕೈ ಸುಟ್ಟಿತು. ಕೆಲಸ ಮಾಡುವವನು ಇಡೀ ಪುಟ ಓದಿ ಮುಗಿಸಿ ಕೈ ಹಾಕುವುದಿಲ್ಲ. ಒಂದು ಸಾಲು ಓದುತ್ತಾನೆ, ಕೈ ಆಡಿಸುತ್ತಾನೆ, ಮತ್ತೆ ಬರುತ್ತಾನೆ. ಅದಕ್ಕೆ ಎಚ್ಚರಿಕೆ ಯಾವಾಗಲೂ ಮೊದಲ ಸಾಲಿಗೆ ಬರಬೇಕು. ಒಂದು ಸಾಲಿಗೆ ಒಂದೇ ಕೆಲಸ. ಇಷ್ಟು ಸಣ್ಣ ಮಾತಿಗೆ ವಿಮಾನ ರಿಪೇರಿ ಮಾಡುವವರು ಒಂದು ಶಾಸ್ತ್ರವನ್ನೇ ಕಟ್ಟಿದ್ದಾರೆ. ಬೇರೆ ಬೇರೆ ದೇಶದ ಮೆಕ್ಯಾನಿಕ್‌ಗಳು ಇಂಗ್ಲಿಷ್ ಕೈಪಿಡಿ ಓದಿ ತಪ್ಪು ತಿಳಿಯಬಾರದು ಎಂದು 1986ರಲ್ಲಿ ಸರಳ ಇಂಗ್ಲಿಷಿನ ನಿಯಮ ಹೊರಬಂತು. ಕೆಲಸ ಹೇಳುವ ವಾಕ್ಯ 20 ಶಬ್ದ ದಾಟಬಾರದು. ಒಂದು ಶಬ್ದಕ್ಕೆ ಒಂದೇ ಅರ್ಥ. ಒಪ್ಪಿದ ಸಾಮಾನ್ಯ ಶಬ್ದಗಳು ಸುಮಾರು 900, ಅದರ ಹೊರಗೆ ಆ ಕಸುಬಿನ ಹೆಸರುಗಳು ಮಾತ್ರ.

ಇದನ್ನು ಕೇಳಿದ ಮೇಲೆ, "ಮೇಡಂ, ನಮಗೆ ಇಂಗ್ಲಿಷ್ ಬರಲ್ರಿ" ಎಂದು ಬೆಳಿಗ್ಗೆ ನನ್ನನ್ನು ಕೇಳಿದ ಒಂಬತ್ತನೆಯ ತರಗತಿಯ ಹುಡುಗಿಗೆ ಉತ್ತರ ಸಿಕ್ಕಿರಬೇಕು. ಇಂಗ್ಲಿಷ್ ಬೇಕು, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಬರೆಯುವುದು ಇಂಗ್ಲಿಷಿನಲ್ಲಿಯೇ. ಆದರೆ ಬೇಕಾದದ್ದು ಚಿಕ್ಕ ವಾಕ್ಯದ, ನೇರ ಇಂಗ್ಲಿಷ್. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಲಂಕಾರದ ಇಂಗ್ಲಿಷ್ ಬರುತ್ತಲೇ ಇರಲಿಲ್ಲ, ಹಾಗಾಗಿ ಅದನ್ನು ಬಿಡಿಸುವ ಕಷ್ಟ ಯಾರಿಗೂ ಬೀಳಲಿಲ್ಲ! ನಮ್ಮ ಕನ್ನಡ ಗುರುಗಳು ವಾರಕ್ಕೊಂದು ಗದ್ಯ ಕೊಟ್ಟು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿ ಸಾರಾಂಶ ಬರೆಸುತ್ತಿದ್ದರು. ವಿಜ್ಞಾನದ ಸರ್ ಪ್ರಯೋಗದ ಪುಸ್ತಕದಲ್ಲಿ ಉದ್ದೇಶ, ಬೇಕಾಗುವ ಸಲಕರಣೆ, ವಿಧಾನ, ಅವಲೋಕನ, ನಿರ್ಣಯ ಎಂದು ಬರೆಯಿಸಿ, ಕ್ರಮ ತಪ್ಪಿದರೆ ಪುಟ ಹರಿಯುತ್ತಿದ್ದರು. ಇಂದು ನಾನು ಹೊಸಬರಿಗೆ ಕೊಡುವ ನಮೂನೆಯೂ ಹೆಚ್ಚು ಕಡಿಮೆ ಅದೇ. ಗುರುಗಳಿಬ್ಬರೂ ಇಲ್ಲಿಯೇ ಕೂತಿದ್ದಾರೆ. ಅವರ ಎದುರಿಗೆ ಇದನ್ನು ಹೇಳಲು ಸಿಕ್ಕಿದ್ದು ನನ್ನ ಭಾಗ್ಯ.

ಶುರು ಮಾಡುವುದು ಹೇಗೆ? ಪದವಿಯಲ್ಲಿ ಯಾವ ವಿಷಯ ಓದಿದಿರಿ ಎಂಬುದು ದೊಡ್ಡದಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಹಿಡಿಯಿರಿ, ಒಂದು ಪುಟ ಬರೆಯಿರಿ, ಅದು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳಿರಿ. ಬಾಯಿ ಮುಚ್ಚುವುದೇ ಕಷ್ಟ. ಅವರು ಎಲ್ಲಿ ನಿಂತರೋ ಅಲ್ಲಿ ಗುರುತು ಹಾಕಿ ಮತ್ತೆ ಬರೆಯಿರಿ. ಹೀಗೆ ಮೂರು ಪುಟ ಗಟ್ಟಿಯಾದರೆ ಕೆಲಸ ಕೇಳಲು ಹೋಗುವಾಗ ತೋರಿಸಲು ಏನೋ ಇದೆ ಎಂದಾಯಿತು. ಗೂಗಲ್ ಕಂಪನಿಯ ಟೆಕ್ನಿಕಲ್ ರೈಟಿಂಗ್ ಪಾಠಗಳು ಅಂತರ್ಜಾಲದಲ್ಲಿ ಪುಕ್ಕಟೆ ಇವೆ, ಚೆನ್ನಾಗಿಯೂ ಇವೆ. ಮಾರ್ಕ್‌ಡೌನ್, ಗಿಟ್ ಎಂಬ ಎರಡು ಉಪಕರಣ ಕಲಿಯಿರಿ, ಅದಕ್ಕೂ ದುಡ್ಡು ಬೇಡ. ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗಳು ಎಷ್ಟೋ ಇವೆ. ಅವುಗಳ ಕೈಪಿಡಿಯಲ್ಲಿ ಕೊರತೆ ಇದ್ದೇ ಇರುತ್ತದೆ, ತಿದ್ದಿ ಕಳಿಸಿದರೆ ತೆಗೆದುಕೊಳ್ಳುತ್ತಾರೆ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುವುದು ಸ್ವಯಂಸೇವಕರು ಅನುವಾದಿಸಿದ್ದರಿಂದ. ದುಬಾರಿ ಫೀಸು ಕೇಳಿ 'ನೂರಕ್ಕೆ ನೂರು ಕೆಲಸ' ಎನ್ನುವ ತರಬೇತಿ ಅಂಗಡಿಗಳಿಂದ ದೂರ ಇರಿ.

ಬೆಳೆಯುವುದು ಬೇರೆ ಮಾತು. ಮೊದಲ ಮೂರು ನಾಲ್ಕು ವರ್ಷ ಹೇಳಿದ್ದನ್ನು ಬರೆಯುತ್ತೇವೆ. ಆಮೇಲೆ ಕೇಳಲು ಶುರು ಮಾಡಬೇಕು: ಇದು ಬೇಕೇ, ಯಾರಿಗೆ? ಆಸ್ಪತ್ರೆಯ ಸಾಫ್ಟ್‌ವೇರ್‌ನ ಹಳೆಯ ಕೈಪಿಡಿಯೊಂದನ್ನು ಹೊಸದು ಮಾಡಲು ನನಗೆ ಕೊಟ್ಟಾಗ ನಾನು ಒಂದು ರಾತ್ರಿ ಬಿಲ್ಲಿನ ಕೌಂಟರಿನಲ್ಲಿ ಹೋಗಿ ಕೂತೆ. ಅಲ್ಲಿನ ಹುಡುಗಿ ಕೈಪಿಡಿಯನ್ನು ಮುಟ್ಟಲೇ ಇಲ್ಲ. ಕಂಪ್ಯೂಟರಿನ ಅಂಚಿಗೆ ತಾನೇ ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ದಳು, ನಾಲ್ಕೇ ಸಾಲು. ಕಿಟಕಿಯ ಆಚೆ ಕೂಸನ್ನು ಎತ್ತಿಕೊಂಡ ತಾಯಿ, ಹಿಂದೆ ಹತ್ತು ಮಂದಿ. ಅವಳಿಗೆ ಬೇಕಾದದ್ದು ಆ ನಾಲ್ಕು ಸಾಲು. ಆ ಚೀಟಿಯನ್ನು ನಕಲು ಮಾಡಿಕೊಂಡು ಬಂದು ಹೊಸ ಕೈಪಿಡಿಯ ಮೊದಲ ಪುಟ ಅದನ್ನೇ ಮಾಡಿದೆ. ಇನ್ನೂ ಮುಂದೆ ಹೋದರೆ ಸಾಫ್ಟ್‌ವೇರ್ ತಯಾರಾಗುವ ಮೊದಲೇ ಒಳಗೆ ಕೂತು, 'ಈ ಗುಂಡಿಯ ಹೆಸರು ಯಾರಿಗೂ ತಿಳಿಯುವುದಿಲ್ಲ, ಬದಲಿಸಿರಿ' ಎನ್ನುವ ಅಧಿಕಾರ ಬರುತ್ತದೆ. ಹೆಸರು ಸರಿಯಾದರೆ ಒಂದು ಪುಟ ಬರೆಯುವುದು ಉಳಿಯಿತು. ಕಿರಾಣಿ ಅಂಗಡಿಯಲ್ಲಿ ದುಡ್ಡು ಕಳಿಸಿದ ಕೂಡಲೇ ಪೆಟ್ಟಿಗೆ ಮಾತಾಡುತ್ತದಲ್ಲ, ಅದರ ಹಿಂದೆ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ಕೆಲಸ ಹೇಳುತ್ತಿರುತ್ತದೆ. ಆ ದಾರಿಗೆ ಎಪಿಐ ಎನ್ನುತ್ತಾರೆ. ಅದರ ಬಗ್ಗೆ ಬರೆಯಬೇಕಾದರೆ ಕೋಡ್ ಓದಲು ಬರಬೇಕು. ನಾನು ಮೂವತ್ತು ದಾಟಿದ ಮೇಲೆ, ಮಗ ಮಲಗಿದ ಮೇಲೆ ಕಲಿತೆ. ಎಂಜಿನಿಯರರ ಹತ್ತಿರ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಲು ನಾಚಿಕೆ ಬಿಡಬೇಕಾಗುತ್ತದೆ. ನಮ್ಮ ಕಡೆಯ ಹುಡುಗಿಯರಿಗೆ ಇದೇ ದೊಡ್ಡ ಅಡ್ಡಿ, ವ್ಯಾಕರಣಕ್ಕಿಂತ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಕೇಳಿದರೆ ಹತ್ತು ಪುಟ ಕ್ಷಣದಲ್ಲಿ ಬರೆದು ಕೊಡುತ್ತದೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೆಲಸಗಳನ್ನು ಅದು ಕಸಿದುಕೊಳ್ಳುತ್ತಿರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲು ನನಗೆ ಮನಸ್ಸಿಲ್ಲ. ಮೊದಲ ಮೆಟ್ಟಿಲು ನನ್ನ ಕಾಲಕ್ಕಿಂತ ಎತ್ತರ ಆಗಿದೆ. ನಾನೂ ಅದನ್ನು ದಿನಾ ಬಳಸುತ್ತೇನೆ. ಆದರೆ ಅದು ಬರೆದ ಸಾಲು ಆ ಯಂತ್ರದ ಮೇಲೆ ನಿಜವಾಗಿ ನಡೆಯುತ್ತದೆಯೇ ಎಂದು ಕೈ ಹಚ್ಚಿ ನೋಡುವವರು ಬೇಕು, ರಾತ್ರಿ ಕೌಂಟರಿನಲ್ಲಿ ಹೋಗಿ ಕೂರುವವರು ಬೇಕು. ಬರೀ ವಾಕ್ಯ ಚಂದ ಮಾಡಲು ಬರುವವರಿಗೆ ಇನ್ನು ಕಷ್ಟ.

ಕೊನೆಯ ವಿಷಯಕ್ಕೆ ಬರುತ್ತೇನೆ. ಊಟದ ವಾಸನೆ ನನಗೂ ಬರುತ್ತಿದೆ.

ನನ್ನ ತಾಯಿಯ ತವರು ಅಫಜಲಪುರ ತಾಲ್ಲೂಕು, ಭೀಮಾ ದಂಡೆ. ತಂಗಿಯನ್ನು ಕೊಟ್ಟದ್ದು ಜೇವರ್ಗಿ ಕಡೆ. ಎರಡೂ ಮನೆಯಲ್ಲಿ ತೊಗರಿ, ಹತ್ತಿ. ಕಾಯಿಕೊರಕ ಬಿದ್ದಾಗ ಎಣ್ಣೆ ಹೊಡೆಯುತ್ತಾರೆ. ಎಣ್ಣೆ ಹೊಡೆದು ಬಂದು ತಲೆ ಸುತ್ತಿ ಕಟ್ಟೆಯ ಮೇಲೆ ಬಿದ್ದವರನ್ನು ಈ ಸಭೆಯಲ್ಲಿ ನೋಡದವರಿಲ್ಲ. ಬಾಟಲಿಯ ಜೊತೆ ಕಾಗದ ಇರುತ್ತದೆ, ಅದರಲ್ಲಿ ಕನ್ನಡವೂ ಇರುತ್ತದೆ, ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ಪ್ರಮಾಣ ಹೆಕ್ಟೇರಿಗೆ ಇಷ್ಟು ಎಂದಿರುತ್ತದೆ. ಪಂಪ್ ಬೆನ್ನಿಗೆ ಹಾಕಿಕೊಂಡು ನಿಂತ ಮಾಮಾ ಕೇಳುವುದು, "ಒಂದ್ ಪಂಪಿಗಿ ಎಷ್ಟು?"

ಉದಾಹರಣೆಗೆ ಕಾಗದದಲ್ಲಿ ಹೆಕ್ಟೇರಿಗೆ 250 ಮಿ.ಲೀ., 500 ಲೀಟರ್ ನೀರು ಎಂದಿದೆ ಅಂತ ಇಟ್ಟುಕೊಳ್ಳಿ. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಲೀಟರಿಗೆ ಅರ್ಧ ಮಿ.ಲೀ. ಆಯಿತು. ನಮ್ಮ ಪಂಪ್ 16 ಲೀಟರಿನದು, ಅಂದರೆ ಒಂದು ಪಂಪಿಗೆ 8 ಮಿ.ಲೀ., ಎಕರೆಗೆ ಹನ್ನೆರಡು ಹದಿಮೂರು ಪಂಪ್. ಈ ಲೆಕ್ಕ ಬದುವಿನ ಮೇಲೆ ನಿಂತು ಯಾರು ಮಾಡುತ್ತಾರೆ? ಅದಕ್ಕೆ ಮುಚ್ಚಳದ ಲೆಕ್ಕ. ಮುಚ್ಚಳವೋ, ಒಂದೊಂದು ಬಾಟಲಿಗೆ ಒಂದೊಂದು ಅಳತೆ. ಹೆಚ್ಚಾದರೆ ಮೈಗೆ, ಹೊಲಕ್ಕೆ, ಕಿಸೆಗೆ. ಕಡಿಮೆಯಾದರೆ ಹುಳಕ್ಕೆ ಏನೂ ಆಗುವುದಿಲ್ಲ. ಬಾಟಲಿಯ ಮೇಲಿನ ತ್ರಿಕೋನದ ಬಣ್ಣ ವಿಷದ ಮಟ್ಟ ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ಎಷ್ಟು ಮನೆಗಳಲ್ಲಿ ಹಸಿರು ಅಂದರೆ ಚಿಂತೆಯಿಲ್ಲ ಎಂದುಕೊಂಡಿದ್ದಾರೋ!

ಕಳೆದ ಹಂಗಾಮಿನಲ್ಲಿ ಮಾಮಾ ಬಳಸುವ ಔಷಧಕ್ಕೆ ಕನ್ನಡದಲ್ಲಿ ಒಂದು ಪುಟ ಬರೆದೆ. ಮೊದಲ ಸಾಲು ಕೈಗವಸು, ಮುಖಕ್ಕೆ ಬಟ್ಟೆ, ಗಾಳಿಯ ದಿಕ್ಕು. ಆಮೇಲೆ ಪಂಪಿಗೆ ಎಷ್ಟು. ಆಮೇಲೆ, ಹೊಡೆದ ಎಷ್ಟು ದಿನಕ್ಕೆ ಕೊಯ್ಲು. ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ತೋರಿಸಿ ಪ್ರತಿ ಅಂಕಿ ಪರೀಕ್ಷಿಸಿಕೊಂಡೆ. ನಂತರ ಜೇವರ್ಗಿಗೆ ಹೋಗಿ ತಂಗಿಯ ನೆಗೆಣ್ಣಿಯ ಕೈಗೆ ಕೊಟ್ಟು ಸುಮ್ಮನೆ ಕೂತೆ. ಅವಳು ಮೂರನೆಯ ಸಾಲಿಗೆ ನಿಂತಳು. "ಅಕ್ಕಾ, 8 ಮಿ.ಲೀ. ಅಂದ್ರ ಯಾವ ಗೆರಿ?" ಅಳತೆ ಲೋಟದ ಚಿತ್ರ ಬರೆದು ಆ ಗೆರೆಗೆ ಬಣ್ಣ ಹಾಕಿದೆವು. ಈಗ ಆ ಪುಟ ಪ್ಲಾಸ್ಟಿಕ್ ಹೊದಿಕೆಯಲ್ಲಿ ಪಂಪಿನ ಪಕ್ಕದ ಮೊಳೆಗೆ ತೂಗುತ್ತಿದೆ. ಬೆಂಗಳೂರಿನಲ್ಲಿ ಬರೆದ ಯಾವ ಕೈಪಿಡಿಯನ್ನೂ ಯಾರೂ ಮೊಳೆಗೆ ತೂಗುಹಾಕಿದ್ದು ನಾನು ಕಂಡಿಲ್ಲ.

ಇಂಥ ಪುಟಗಳು ಕನ್ನಡದಲ್ಲಿ ಬೇಕಾದಷ್ಟು ಇಲ್ಲ. ಎಟಿಎಂನಲ್ಲಿ ಕನ್ನಡ ಎಂದು ಒತ್ತಿ, ಬಂದ ಕನ್ನಡ ತಿಳಿಯದೆ ಮತ್ತೆ ಇಂಗ್ಲಿಷಿಗೆ ಹೋಗುವವರು ನಾವು. ಅದನ್ನು ಬರೆಯುವವರು ಪಂಪ್ ಹೊತ್ತ ಮನೆಯಿಂದಲೇ ಬಂದರೆ ಒಳ್ಳೆಯದು. ಅದಕ್ಕೆ ನಮ್ಮ ತಂಡದ ಗೆಳೆಯರು ಸೇರಿ ಒಂದು ಯೋಚನೆ ಮಾಡಿದ್ದೇವೆ, ಮುಖ್ಯ ಗುರುಗಳು ಒಪ್ಪಿದ್ದಾರೆ. ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳು ಐದೈದು ಮಂದಿ ಸೇರಿ ಒಂದು ಪುಟ ಬರೆಯುವುದು. ಪಹಣಿ ಓದುವುದು ಹೇಗೆ, ಬೋರಿನ ಸ್ಟಾರ್ಟರ್ ಟ್ರಿಪ್ ಆದರೆ ಏನು ಮಾಡಬೇಕು, ಏನು ಮಾಡಬಾರದು, 371(ಜೆ) ಪ್ರಮಾಣಪತ್ರಕ್ಕೆ ಯಾವ ಕಾಗದ ಬೇಕು, ವಿದ್ಯಾರ್ಥಿವೇತನದ ಅರ್ಜಿ. ಬಲ್ಲವರಿಂದ ಪರೀಕ್ಷೆ ಮಾಡಿಸುವುದು, ಓದು ಕಡಿಮೆ ಇರುವ ಒಬ್ಬ ಹಿರಿಯರ ಮುಂದೆ ಕೂತು ನಡೆಸಿ ನೋಡುವುದು, ಆಮೇಲೆ ಶಾಲೆಯ ಗ್ರಂಥಾಲಯದಲ್ಲಿ ಇಡುವುದು. ಮುದ್ರಣದ ಖರ್ಚು ನಮ್ಮದು. ನಾನು ವರ್ಷಕ್ಕೆ ಎರಡು ಸಲ ಬಂದು ಮಕ್ಕಳ ಜೊತೆ ಕೂರುತ್ತೇನೆ.

ಎಣ್ಣೆ ಹೊಡೆಯುವ ಪುಟವನ್ನು ದೊಡ್ಡ ಅಕ್ಷರದಲ್ಲಿ ಬರೆದು ಊಟದ ಪೆಂಡಾಲಿನ ಬಾಗಿಲಿಗೆ ಅಂಟಿಸಿದ್ದೇನೆ. ಸರದಿಯಲ್ಲಿ ನಿಂತಾಗ ಓದಿರಿ, ಓದಲು ಬಾರದವರಿಗೆ ಮಕ್ಕಳು ಓದಿ ಹೇಳಲಿ. ಎಲ್ಲಿ ತಿಳಿಯಲಿಲ್ಲವೋ ಆ ಶಬ್ದದ ಕೆಳಗೆ ಗೆರೆ ಎಳೆಯಿರಿ. ಪೆನ್ನಿಗೆ ದಾರ ಕಟ್ಟಿ ಅಲ್ಲಿಯೇ ಇಟ್ಟಿದ್ದೇನೆ. ಸಂಜೆ ಬಸ್ಸಿಗೆ ಹೋಗುವ ಮೊದಲು ಬಿಚ್ಚಿಕೊಂಡು ಹೋಗುತ್ತೇನೆ.